ಹೊಳೆಯ ಒಂದು ಅಗುಳು

ನಮ್ಮ ಕಡೆ ಥರ್ಮೋಕೋಲ್ ಡಬ್ಬಿ ಹಿಡಿದು ಬಸ್ಸು ಹತ್ತಿದರೆ ಅದಕ್ಕೆ ಒಂದೇ ಅರ್ಥ: ಮೀನು. ಕೂಡ್ಲಿ ಕಡೆಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನ ಕಂಡಕ್ಟರು ಮೊದಲ ದಿನವೇ ನನ್ನ ಡಬ್ಬಿಯ ಹತ್ತಿರ ಮೂಗು ತಂದು, "ಬಂಗುಡೆನೋ, ಭೂತಾಯಿನೋ?" ಎಂದು ಕೇಳಿದ್ದರು. ನೀರು ಎಂದೆ. "ಐಸ್ ಹಾಕಿ ನೀರು ಸಾಗಿಸ್ತಿದೀರಾ?" ಎಂದು ನಕ್ಕು, ಟಿಕೆಟ್ಟು ಹರಿದುಕೊಟ್ಟು ಮುಂದೆ ಹೋದರು. ಆಮೇಲೆ ಎಷ್ಟೋ ಸಲ ಅದೇ ಬಸ್ಸಿನಲ್ಲಿ ಬಂದಿದ್ದೇನೆ. ಈಗ ಅವರು ಕೇಳುವುದಿಲ್ಲ, ಡ್ರೈವರ್ ಹಿಂದಿನ ಸೀಟಿನ ಕೆಳಗೆ ಡಬ್ಬಿಗೆ ತಾವೇ ಜಾಗ ಮಾಡಿಕೊಡುತ್ತಾರೆ. ಹೊಳೆಯ ನೀರನ್ನು ತುಂಬಿದ ಮೇಲೆ ಆರು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು, ಅಲ್ಲಿಯವರೆಗೆ ತಂಪಾಗಿರಬೇಕು. ಇಲ್ಲದಿದ್ದರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾಗಳು ದಾರಿಯಲ್ಲೇ ಸಾಯುತ್ತವೆ ಅಥವಾ ಸಂಸಾರ ಬೆಳೆಸಿಕೊಳ್ಳುತ್ತವೆ. ಎರಡೂ ಲೆಕ್ಕ ತಪ್ಪಿಸುತ್ತವೆ.

ನಾನು ಪಿಎಚ್.ಡಿ. ಮಾಡುತ್ತಿರುವುದು ತುಂಗೆಯ ನೀರಿನಲ್ಲಿರುವ ರೋಗಾಣುಗಳ ಮೇಲೆ. ಇದನ್ನು ನೆಂಟರ ಮನೆಯಲ್ಲಿ ಹೇಳುವುದು ಅಷ್ಟು ಸುಲಭವಲ್ಲ. "ಗಂಗಾ ಸ್ನಾನ, ತುಂಗಾ ಪಾನ" ಎಂದು ಕೇಳಿಕೊಂಡೇ ಬೆಳೆದ ಜನ ನಾವು. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು. ಅಂಥ ಹೊಳೆಯಲ್ಲಿ ಕಕ್ಕಸಿನ ಗುರುತು ಹುಡುಕುತ್ತಿದ್ದೇನೆ ಎಂದರೆ ಮನೆದೇವರ ಜಾತಕ ಕೆದಕಿದ ಹಾಗೆ. ಅಪ್ಪನ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಒಂದು ಸಂದೇಶ ಬರುತ್ತದೆ: ನಮ್ಮ ನದಿಗಳಿಗೆ ತಮ್ಮನ್ನು ತಾವೇ ತೊಳೆದುಕೊಳ್ಳುವ ಶಕ್ತಿಯಿದೆ, ಬ್ರಿಟಿಷ್ ವಿಜ್ಞಾನಿಯೇ ಹೇಳಿದ್ದಾನೆ ಎಂದು. ಅದು ಪೂರ್ತಿ ಸುಳ್ಳೂ ಅಲ್ಲ. ಅರ್ನೆಸ್ಟ್ ಹ್ಯಾಂಕಿನ್ ಎಂಬಾತ 1896ರಲ್ಲಿ, ಗಂಗೆ ಮತ್ತು ಯಮುನೆಯ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆ ನೀರನ್ನು ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ಬರೆದಿದ್ದ. ಬ್ಯಾಕ್ಟೀರಿಯಾವನ್ನೇ ತಿಂದು ಬದುಕುವ ವೈರಸ್ಸುಗಳಿವೆ ಎಂದು ಲೋಕಕ್ಕೆ ಗೊತ್ತಾದದ್ದು ಅದಾಗಿ ಸುಮಾರು ಇಪ್ಪತ್ತು ವರ್ಷದ ಮೇಲೆ. ಆದರೆ ಹ್ಯಾಂಕಿನ್ ನೋಡಿದ ಯಮುನೆಯೇ ಅರವತ್ತು ವರ್ಷ ಕಳೆದು ಏನು ಮಾಡಿತು ಎಂಬುದು ಆ ಸಂದೇಶದಲ್ಲಿ ಇರುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅತ್ತೆಯ ಮನೆ. ಅಪ್ಪನ ಅಕ್ಕನನ್ನು ಕೊಟ್ಟಿರುವುದು ಶಿವಮೊಗ್ಗ ದಾಟಿದ ಮೇಲೆ, ತುಂಗೆ ಭದ್ರೆಯನ್ನು ಕೂಡುವ ಮುಂಚೆ ಸಿಗುವ ಒಂದು ಹಳ್ಳಿಗೆ. ಬೇಸಿಗೆ ರಜೆ ಎಂದರೆ ನಮಗೆ ಆ ಮನೆ. ಹಿತ್ತಿಲು ದಾಟಿದರೆ ಹೊಳೆ. ನಾವು ಚಿಕ್ಕವರಿದ್ದಾಗ ಅತ್ತೆ ಹೊಳೆಯ ಮರಳಿನಲ್ಲಿ ವರ್ತೆ ತೋಡಿ, ತಿಳಿಯಾಗುವವರೆಗೆ ಕಾದು, ಚಿಪ್ಪಿನಲ್ಲಿ ಬಗ್ಗಿಸಿ ಕೊಡ ತುಂಬುತ್ತಿದ್ದರು. ಆಮೇಲೆ ಮರಳೂ ಕಡಿಮೆಯಾಯಿತು, ಪಂಚಾಯಿತಿಯ ನಲ್ಲಿಯೂ ಬಂತು. ಹೊಳೆಯಲ್ಲೇ ಜಾಕ್‌ವೆಲ್, ಅಲ್ಲಿಂದ ಟ್ಯಾಂಕಿಗೆ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರು, ಅಲ್ಲಿಂದ ಮನೆಗೆ ದಿನ ಬಿಟ್ಟು ದಿನ ನೀರು. ನಲ್ಲಿ ಬಂದ ಮೇಲೆ ಅತ್ತೆ ಕುಡಿಯುವ ನೀರನ್ನು ಕುದಿಸಲು ಶುರುಮಾಡಿದ್ದರು. ಯಾರೂ ಹೇಳಿಕೊಟ್ಟಿದ್ದಲ್ಲ. "ಔಷಧಿ ವಾಸನೆ ಹೋಗ್ಲಿ ಅಂತ" ಎನ್ನುತ್ತಿದ್ದರು.

ಸಂಶೋಧನೆಗೆ ಸೇರಿದ ಮೊದಲ ವರ್ಷ, ಏಪ್ರಿಲ್‌ನಲ್ಲಿ, ಅತ್ತೆಯ ಮನೆಯ ನಲ್ಲಿಯಿಂದಲೂ ಒಂದು ಬಾಟಲಿ ತುಂಬಿಕೊಂಡೆ. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಹೊಸದಾಗಿ ಕೈಗೆ ಬಂದ ವಿದ್ಯೆಯನ್ನು ಅತ್ತೆಯೆದುರು ತೋರಿಸಬೇಕಿತ್ತು, ಅಷ್ಟೆ. ನಲ್ಲಿಯ ಬಾಯಿಗೆ ಬೆಂಕಿ ಹಿಡಿದು, ಎರಡು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯ ಕತ್ತು ಮುಟ್ಟದ ಹಾಗೆ ತುಂಬಿ, ಮುಚ್ಚಳ ಬಿಗಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇಷ್ಟೇ ನೀರು ಸಾಕಾಗ್ತದನೇ?"

"ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕಲ್ವಾ ಅತ್ತೆ?" ಎಂದೆ. ಹೇಳಿದ್ದು ನನಗೇ ಬಹಳ ಇಷ್ಟವಾಗಿತ್ತು.

ಪರೀಕ್ಷೆ ಹೇಗೆ ಮಾಡುತ್ತಾರೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನೀರಿನಲ್ಲಿ ಇರಬಹುದಾದ ರೋಗಾಣುಗಳು ನೂರಾರು. ಕಾಲರಾ, ಟೈಫಾಯ್ಡ್, ಆಮಶಂಕೆ, ಕಾಮಾಲೆ ಒಂದೊಂದಕ್ಕೂ ಬೇರೆ ಬೇರೆ ಜೀವಿ. ಎಲ್ಲವನ್ನೂ ಹುಡುಕಲು ಹಣವೂ ಇಲ್ಲ, ಪುರುಸೊತ್ತೂ ಇಲ್ಲ. ಹಾಗಾಗಿ ನೂರು ವರ್ಷಕ್ಕೂ ಹಿಂದಿನಿಂದ ಒಂದು ಸಾಕ್ಷಿಯನ್ನು ಹುಡುಕುತ್ತಾ ಬಂದಿದ್ದಾರೆ. ಅದು ಇ. ಕೋಲಿ. 1885ರಲ್ಲಿ ಥಿಯೋಡೋರ್ ಎಷೆರಿಚ್ ಎಂಬ ಮಕ್ಕಳ ವೈದ್ಯ ಹಸುಗೂಸುಗಳ ಮಲದಲ್ಲಿ ಕಂಡ ಬ್ಯಾಕ್ಟೀರಿಯಾ. ನಮ್ಮೆಲ್ಲರ ಕರುಳಿನಲ್ಲೂ ಇದೆ. ಅದರ ಬಹುಪಾಲು ತಳಿಗಳು ನಮಗೇನೂ ಮಾಡುವುದಿಲ್ಲ. ಆದರೆ ಅದು ನೀರಿನಲ್ಲಿ ಸಿಕ್ಕಿತೆಂದರೆ ಯಾರದೋ ಹೊಟ್ಟೆಯಿಂದ, ಮನುಷ್ಯನದೋ ದನದ್ದೋ, ಇತ್ತೀಚೆಗೆ ಹೊರಗೆ ಬಂದಿದೆ ಎಂದರ್ಥ. ಅದು ಬಂದ ದಾರಿಯಲ್ಲಿ ಬೇರೆಯವೂ ಬಂದಿರಬಹುದು. ಹೊಗೆ ಕಂಡರೆ ಬೆಂಕಿ ಇದೆ ಎನ್ನುವ ಲೆಕ್ಕ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ತುಂಬ ಸರಳ: 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಕೂಡದು.

ಅದನ್ನು ನೋಡಲು 100 ಮಿಲಿಲೀಟರ್ ನೀರನ್ನು ಒಂದು ತೆಳು ಬಿಳಿ ಹಾಳೆಯ ಮೂಲಕ ಸೋಸುತ್ತೇವೆ. ಹಾಳೆ ದೋಸೆ ಹುಯ್ಯಲು ಶುರುಮಾಡಿದಾಗಿನ ಮೊದಲ ಬೊಟ್ಟಿನಷ್ಟು ಅಗಲ. ಅದರ ರಂಧ್ರಗಳು 0.45 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲಿಗಿಂತಲೂ ಸಣ್ಣ. ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ನೀರು ಕೆಳಗಿಳಿಯುತ್ತದೆ. ಹಾಳೆಯನ್ನು ಚಿಮಟದಲ್ಲಿ ಎತ್ತಿ, ಬ್ಯಾಕ್ಟೀರಿಯಾ ತಿನ್ನುವ ಊಟ ಸವರಿದ ತಟ್ಟೆಯ ಮೇಲೆ ಹರಡಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡುತ್ತೇವೆ. ಬೆಳಿಗ್ಗೆ ನೋಡಿದರೆ, ಸಿಕ್ಕಿಕೊಂಡ ಒಂದೊಂದು ಜೀವವೂ ಕಣ್ಣಿಗೆ ಕಾಣುವ ಒಂದೊಂದು ಚುಕ್ಕಿಯಾಗಿ ಬೆಳೆದಿರುತ್ತದೆ. ಎಣಿಸಿಕೊಂಡರಾಯಿತು. ಕೆಳಗಿಳಿದ ನೀರನ್ನು ಸಿಂಕಿಗೆ ಚೆಲ್ಲುತ್ತೇವೆ.

ಹೊಳೆಯಿಂದ ತಂದ ಬಾಟಲಿಗಳ ತಟ್ಟೆಗಳು ಆ ದಿನ ರಾಗಿ ಚೆಲ್ಲಿದ ಹಾಗೆ ತುಂಬಿಹೋಗಿದ್ದವು. ನೂರು ಪಟ್ಟು ತೆಳು ಮಾಡಿದರೂ ಎಣಿಸಲು ಕಷ್ಟವಾಯಿತು. ಅತ್ತೆಯ ಮನೆಯ ತಟ್ಟೆ ಮಾತ್ರ ತೊಳೆದಿಟ್ಟ ಬಟ್ಟಲಿನ ಹಾಗಿತ್ತು. ಒಂದು ಚುಕ್ಕಿಯೂ ಇಲ್ಲ. ಸಂತೋಷವಾಗಿ ಅಲ್ಲಿಂದಲೇ ಫೋನು ಮಾಡಿದೆ.

"ನಿಮ್ಮ ನೀರಲ್ಲಿ ಏನೂ ಪತ್ತೆಯಾಗಿಲ್ಲ ಅತ್ತೆ."

"ಅಂದ್ರೆ?"

"ಅಂದ್ರೆ ಎಂತದೂ ಇಲ್ಲ. ಹಾಗೇ ಕುಡೀಬಹುದು."

ಪತ್ತೆಯಾಗಿಲ್ಲ, ಇಲ್ಲ. ಮೊದಲಿನದು ನನ್ನ ವರದಿಯ ಮಾತು. ಎರಡನೆಯದು ನಾನು ಪ್ರೀತಿಯಿಂದ ಸೇರಿಸಿದ್ದು. ಸಿಲಿಂಡರಿನ ಬೆಲೆ ಏರಿದ್ದ ಕಾಲ. ಓದಿದ ಸೊಸೆಯೇ ಹೇಳಿದ ಮೇಲೆ ದಿನಾ ಎರಡು ಕೊಡ ನೀರು ಕುದಿಸುವುದೇಕೆ? ಅತ್ತೆ ಕುದಿಸುವುದನ್ನು ನಿಲ್ಲಿಸಿದರು. ಅದು ನನಗೆ ಗೊತ್ತಾದದ್ದು ಆಗಸ್ಟಿನಲ್ಲಿ.

ಆ ವರ್ಷ ಮಳೆ ಜೋರಾಗಿತ್ತು. ಶಿವಮೊಗ್ಗದಲ್ಲಿ ಹೊಳೆಯ ನಡುವಿನ ಕಲ್ಲುಮಂಟಪ ಮುಳುಗಿ, ಜನ ಬಾಗಿನ ಬಿಟ್ಟು ಬಂದರು. ಜುಲೈ ಕೊನೆಗೆ ಅತ್ತೆಯ ಬೀದಿಯಲ್ಲಿ ಒಬ್ಬೊಬ್ಬರಿಗೇ ಊಟ ಸೇರದಾಯಿತು, ವಾಂತಿ, ಸುಸ್ತು. ಆಮೇಲೆ ಕಣ್ಣು ಹಳದಿ. ಭಾವನ ಹೆಂಡತಿಗೂ ಬಂತು. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಆಗ ಅವಳಿಗೆ ಆರು ತಿಂಗಳು ತುಂಬಿತ್ತು. ಊರಿನ ರೂಢಿಯಂತೆ ಮೊದಲು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು, ಪಥ್ಯ ಮಾಡಿಸಿದರು. ಎಂಟನೇ ದಿನ ಅವಳು ಮಾತು ತೊದಲಿಸಲು ಶುರುಮಾಡಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಲ್ಲಿ ಬಂದದ್ದು ಹೆಪಟೈಟಿಸ್ ಇ.

ಬೇರೆಯವರಿಗೆ ಕೆಲವು ವಾರ ಕಾಡಿ ತಾನಾಗಿ ಹೋಗುವ ಕಾಯಿಲೆ ಇದು. ಗರ್ಭಿಣಿಯರ ಮಾತು ಬೇರೆ. ಕೊನೆಯ ಮೂರು ತಿಂಗಳಲ್ಲಿ ಬಂದರೆ 100ರಲ್ಲಿ 20ರಿಂದ 25 ಮಂದಿ ಸಾಯಬಹುದು ಎಂದು ಪಠ್ಯಪುಸ್ತಕದಲ್ಲಿದೆ. ಆ ಸಾಲನ್ನು ನಾನು ಎಂ.ಎಸ್ಸಿ. ಪರೀಕ್ಷೆಗೆ ಓದಿದ್ದೆ. ಎರಡು ಅಂಕದ ಪ್ರಶ್ನೆ. ಐಸಿಯು ಹೊರಗಿನ ಬೆಂಚಿನ ಮೇಲೆ ಭಾವನ ಪಕ್ಕ ಕೂತಾಗ ಆ ಸಾಲು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಭಾವ ಒಂದು ಸಲ ಕೇಳಿದರು, "ಇದು ಎಂತದರಿಂದ ಬರೋದು?" ನೀರಿನಿಂದ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. "ಡಾಕ್ಟರನ್ನ ಕೇಳೋಣ" ಎಂದೆ.

ಹತ್ತೊಂಬತ್ತು ದಿನದ ಮೇಲೆ ಅಕ್ಕ ಮನೆಗೆ ಬಂದಳು. ಮಗು ಒಂದು ತಿಂಗಳು ಮುಂಚೆಯೇ ಹುಟ್ಟಿತು, ಒಂದೂಮುಕ್ಕಾಲು ಕೆ.ಜಿ. ಈಗ ಅದಕ್ಕೆ ಮೂರು ವರ್ಷ. ನನ್ನ ಥರ್ಮೋಕೋಲ್ ಡಬ್ಬಿಯ ಮುಚ್ಚಳ ಮುರಿದದ್ದು ಅದೇ.

ಅಕ್ಕ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಪ್ರಯೋಗಾಲಯಕ್ಕೆ ಹೋಗಿ ನನ್ನ ನೋಟ್‌ಬುಕ್ ತೆಗೆದೆ. ತಪ್ಪು ಎಲ್ಲಾಗಿದೆ ಎಂದು ಹುಡುಕಿದೆ. ಬಾಟಲಿ ಸರಿಯಾಗಿ ತೊಳೆದಿರಲಿಲ್ಲವೇ, ಕ್ಲೋರಿನ್ ತಡೆಯಲು ಥಯೋಸಲ್ಫೇಟ್ ಹಾಕುವುದನ್ನು ಮರೆತೆನೇ, ಪೆಟ್ಟಿಗೆಯ ಉಷ್ಣತೆ ಇಳಿದಿತ್ತೇ? ಏನೂ ಇಲ್ಲ. ಎಲ್ಲವೂ ನಿಯಮದ ಪ್ರಕಾರವೇ ಇತ್ತು. ಪರೀಕ್ಷೆಯಲ್ಲಿ ತಪ್ಪು ಸಿಕ್ಕಿದ್ದರೆ ಎಷ್ಟು ಹಗುರವಾಗುತ್ತಿತ್ತು!

ಹೆಪಟೈಟಿಸ್ ಇ ವೈರಸ್ಸಿನ ಅಡ್ಡಳತೆ ಸುಮಾರು 30 ನ್ಯಾನೋಮೀಟರ್. ನನ್ನ ಸೋಸು ಹಾಳೆಯ ರಂಧ್ರ 450. ಕುರಿ ಹಟ್ಟಿಯ ಬೇಲಿಯಲ್ಲಿ ಇರುವೆ ನುಗ್ಗಿದಂತೆ ಅದು ನುಗ್ಗಿಹೋಗುತ್ತದೆ. ಏಪ್ರಿಲ್‌ನಲ್ಲಿ ಆ ನೀರಿನಲ್ಲಿ ವೈರಸ್ಸು ಇತ್ತೋ ಇಲ್ಲವೋ, ಬಹುಶಃ ಇರಲಿಲ್ಲ. ಇದ್ದಿದ್ದರೂ ನಾನು ಬೆಳಕಿಗೆ ಹಿಡಿದು ನೋಡಿದ ಹಾಳೆಯ ಮೇಲೆ ಇರುತ್ತಿರಲಿಲ್ಲ. ಸಿಂಕಿಗೆ ಚೆಲ್ಲಿದೆನಲ್ಲ, ಆ ನೀರಿನಲ್ಲಿರುತ್ತಿತ್ತು.

ಯಮುನೆಯ ಕತೆ ಸಿಕ್ಕಿದ್ದು ಆಗ. 1955ರಲ್ಲಿ ಮಳೆಗಾಲ ಮುಗಿಯುವಾಗ ಯಮುನೆಗೆ ದೊಡ್ಡ ನೆರೆ ಬಂದು ಹೊಳೆ ತನ್ನ ಪಾತ್ರವನ್ನು ಸರಿಸಿಕೊಂಡಿತು. ದೆಹಲಿಗೆ ನೀರೆತ್ತುವ ವಜೀರಾಬಾದಿನ ಕೆಳಗೆ ನಜಫಗಢ ಚರಂಡಿ ಹೊಳೆಗೆ ಸೇರುತ್ತದೆ. ನವೆಂಬರಿನಲ್ಲಿ ಆ ಚರಂಡಿಯ ನೀರು ಹಿಮ್ಮುಖವಾಗಿ ಬಂದು ನೀರೆತ್ತುವ ಜಾಗವನ್ನೇ ಮುಟ್ಟಿತು. ಅಲ್ಲಿದ್ದವರು ನಿದ್ದೆ ಮಾಡುತ್ತಿರಲಿಲ್ಲ. ನೀರು ಕೆಟ್ಟಿದೆ ಎಂದು ಅವರಿಗೆ ಗೊತ್ತಾಗಿ, ಆಲಮ್ ಹೆಚ್ಚಿಸಿದರು, ಕ್ಲೋರಿನ್ ಹೆಚ್ಚಿಸಿದರು. ಅದರಿಂದ ಬ್ಯಾಕ್ಟೀರಿಯಾ ಸತ್ತವು. ಊರಿನಲ್ಲಿ ಟೈಫಾಯ್ಡ್ ಏರಲಿಲ್ಲ, ಆಮಶಂಕೆ ಏರಲಿಲ್ಲ. ಕೆಲವು ವಾರ ಕಳೆದು ಡಿಸೆಂಬರ್, ಜನವರಿಯಲ್ಲಿ ಕಾಮಾಲೆ ಶುರುವಾಯಿತು. ಕಣ್ಣು ಹಳದಿಯಾದವರು ಸುಮಾರು 29,300 ಮಂದಿ ಎಂದು ಆಗ ಲೆಕ್ಕ ಹಾಕಿದರು. ಹೆಚ್ಚು ನರಳಿದವರು ಬಸುರಿಯರು.

ಆ ಕಾಮಾಲೆಗೆ ಆಗ ಸರಿಯಾದ ಹೆಸರೂ ಇರಲಿಲ್ಲ. ಮಾಮೂಲಿ ಹೆಪಟೈಟಿಸ್ ಎಂದೇ ತಿಳಿದಿದ್ದರು. ಕಾಪಿಟ್ಟಿದ್ದ ಅಂದಿನ ರೋಗಿಗಳ ರಕ್ತವನ್ನು 1980ರ ಹೊತ್ತಿಗೆ ಮತ್ತೆ ಪರೀಕ್ಷಿಸಿದಾಗ ಇದು ಹೆಪಟೈಟಿಸ್ ಎ ಅಲ್ಲ, ಬೇರೆಯೇ ಎಂದು ಗೊತ್ತಾಯಿತು. ವೈರಸ್ಸನ್ನು ಕಂಡದ್ದು ಮಿಖಾಯಿಲ್ ಬಲಯಾನ್ ಎಂಬ ಸೋವಿಯತ್ ವಿಜ್ಞಾನಿ, 1983ರಲ್ಲಿ. ಅಫ್ಘಾನಿಸ್ತಾನದಲ್ಲಿ ಕಾಯಿಲೆ ಬಿದ್ದ ಸೈನಿಕರ ಮಲದ ಸಾರವನ್ನು ಸ್ವತಃ ಕುಡಿದು, ಕಾಯಿಲೆ ಬರಿಸಿಕೊಂಡು, ತನ್ನದೇ ಮಲದಲ್ಲಿ ಆ ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. (ನಮ್ಮ ಈಗಿನ ನೈತಿಕ ಸಮಿತಿಯವರ ಮುಂದೆ ಇಂಥದೊಂದು ಅರ್ಜಿ ಹಾಕಿದರೆ ಅವರ ಮುಖ ಹೇಗಾಗಬಹುದು ಎಂದು ನಾವು ಕ್ಯಾಂಟೀನಿನಲ್ಲಿ ನಗುತ್ತಿರುತ್ತೇವೆ.)

ಹೊಗೆಯಿಲ್ಲದೆಯೂ ಬೆಂಕಿ ಇರಬಹುದು ಎಂಬುದು ನಾನು ಹುಟ್ಟುವ ನಾಲ್ಕು ದಶಕ ಮುಂಚೆ, ಈ ದೇಶದ ರಾಜಧಾನಿಯಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ನಮ್ಮ ಹಳ್ಳಿಯ ನೀರಿಗೆ ಹೊಗೆಯನ್ನೇ ಹುಡುಕುತ್ತೇವೆ, ಏಕೆಂದರೆ ಅದು ಅಗ್ಗ, ಮತ್ತು ಹೆಚ್ಚಿನ ಸಲ ಸರಿಯಾಗಿಯೇ ಹೇಳುತ್ತದೆ. ಇದರಲ್ಲಿ ಯಾರನ್ನೂ ಬೈಯುವುದಕ್ಕಿಲ್ಲ. ನಾನು ಬೈದುಕೊಳ್ಳುವುದು ನನ್ನನ್ನು, ಅದೂ ಆ ಒಂದು ಪದಕ್ಕೆ.

ಆಗಸ್ಟ್ ಕೊನೆಗೆ ಧೈರ್ಯ ಮಾಡಿ ಅತ್ತೆಯ ಮನೆಗೆ ಹೋದೆ. ಅಡುಗೆಮನೆಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯುತ್ತಾ ಹೇಳಿದೆ. ಏಪ್ರಿಲ್‌ನಲ್ಲಿ ನಾನು ನೋಡಿದ್ದು ಒಂದೇ ಬಗೆಯ ಹುಳ, ಇದು ಬೇರೆ ಬಗೆಯದು, ನನ್ನ ಪರೀಕ್ಷೆಗೆ ಇದು ಕಾಣುತ್ತಲೇ ಇರಲಿಲ್ಲ, ಎಂತದೂ ಇಲ್ಲ ಎಂದು ನಾನು ಹೇಳಬಾರದಿತ್ತು. ಅವರು ಬೀಜ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನೀನು ನೋಡಿದ್ದು ಬಿಸಿಲುಗಾಲದ ನೀರು. ಕಾಯಿಲೆ ಬಂದದ್ದು ಮಳೆಗಾಲದ ನೀರಿಗೆ. ಅದೂ ಇದೂ ಒಂದೇನಾ?" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅನ್ನ ಆದ್ರೆ ಒಂದು ಅಗುಳು ಹಿಚುಕಿದ್ರೆ ಸಾಕು. ಒಂದೇ ಪಾತ್ರೆ, ಒಂದೇ ಬೆಂಕಿ. ಹೊಳೆ ಅನ್ನದ ಪಾತ್ರೆನಾ ಮಾರಾಯ್ತಿ? ಬೆಳಿಗ್ಗೆ ಒಂದು ಬಣ್ಣ, ಸಂಜೆಗೆ ಒಂದು ಬಣ್ಣ. ನನಗೇ ಗೊತ್ತಿತ್ತು, ನೀ ಹೇಳಿದೆ ಅಂತ ಸುಮ್ಮನಾದೆ."

ಆ ಕೊನೆಯ ಮಾತನ್ನು ಅವರು ನೋಯಿಸಲು ಹೇಳಿರಲಿಲ್ಲ. ಅದಕ್ಕೇ ಇರಬೇಕು, ಈಗಲೂ ಚುಚ್ಚುತ್ತದೆ.

ಅಕ್ಕನ ಕಾಯಿಲೆ ಆ ನಲ್ಲಿಯ ನೀರಿನಿಂದಲೇ ಬಂತೇ ಎಂದು ನಾನು ಸಾಬೀತು ಮಾಡಲಾರೆ. ಈ ವೈರಸ್ಸು ಒಳಹೊಕ್ಕ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಎರಡು ವಾರದಿಂದ ಎರಡು ತಿಂಗಳವರೆಗೂ ಹಿಡಿಯುತ್ತದೆ. ಕಣ್ಣು ಹಳದಿಯಾಗುವ ಹೊತ್ತಿಗೆ ಅವಳು ಕುಡಿದ ದಿನದ ಹೊಳೆ ಹೊಸಪೇಟೆಯ ಅಣೆಕಟ್ಟನ್ನು ಸೇರಿರುತ್ತದೆ. ಬೀದಿಯಲ್ಲಿ ಪೈಪು ಚರಂಡಿಯ ಪಕ್ಕದಲ್ಲೇ ಹೋಗುತ್ತದೆ, ಎರಡು ಕಡೆ ಜೋಡಣೆ ಸಡಿಲವಾಗಿತ್ತು. ದಿನ ಬಿಟ್ಟು ದಿನ ನೀರು ಬಿಡುವಲ್ಲಿ, ನೀರು ನಿಂತಾಗ ಖಾಲಿ ಪೈಪು ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿಂದ ಬಂದಿರಬಹುದು, ಹೊಳೆಯಿಂದಲೇ ಬಂದಿರಬಹುದು, ಯಾವುದೋ ಮದುವೆ ಮನೆಯ ಪಾನಕದಿಂದ ಬಂದಿರಬಹುದು. ಕುದಿಸಿ ಕುಡಿದಿದ್ದರೆ ಮೊದಲಿನ ಎರಡಂತೂ ತಪ್ಪುತ್ತಿದ್ದವು. ನನಗೆ ಗೊತ್ತಿರುವುದು ಅಷ್ಟು.

ಗೈಡ್ ಹತ್ತಿರ ಹೋಗಿ ನನ್ನ ವಿಷಯವನ್ನು ವೈರಸ್ಸಿನ ಕಡೆ ತಿರುಗಿಸಿಕೊಳ್ಳುತ್ತೇನೆ ಎಂದೆ. ಅವರು ನಿಟ್ಟುಸಿರು ಬಿಟ್ಟು, ಒಂದು ವರ್ಷ ಹೆಚ್ಚು ಹಿಡಿಯುತ್ತದೆ ಎಂದರು. ಎರಡು ಹಿಡಿಯಿತು. ಬ್ಯಾಕ್ಟೀರಿಯಾಕ್ಕೆ ಊಟ ಹಾಕಿದರೆ ಬೆಳೆಯುತ್ತದೆ. ವೈರಸ್ಸು ಜೀವಕೋಶದ ಹೊರಗೆ ಬೆಳೆಯುವುದಿಲ್ಲ. ಅದನ್ನು ಹಿಡಿಯಬೇಕೆಂದರೆ ಲೋಟಗಟ್ಟಲೆ ನೀರು ಸಾಲದು, ಹತ್ತು ಲೀಟರಿನ ಕ್ಯಾನು ಹೊರಬೇಕು. ಆ ನೀರಿಗೆ ಪಾಲಿಇಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನೂ ಉಪ್ಪನ್ನೂ ಕದಡಿ, ರಾತ್ರಿಯಿಡೀ ತಣ್ಣಗಿಟ್ಟು, ಜೋರಾಗಿ ಗಿರಗಿರನೆ ತಿರುಗಿಸಿದರೆ ತಳದಲ್ಲಿ ಉಗುರಿನ ಕೊಳೆಯಷ್ಟು ಗಸಿ ಉಳಿಯುತ್ತದೆ. ಹತ್ತು ಲೀಟರ್ ಹೊಳೆಗೆ ಅಷ್ಟೇ. ಆ ಗಸಿಯಿಂದ ಆರ್‌ಎನ್‌ಎ ತೆಗೆದು, ಅದನ್ನು ಡಿಎನ್‌ಎ ಮಾಡಿ, ಪಿಸಿಆರ್ ಯಂತ್ರಕ್ಕೆ ಹಾಕಿದರೆ, ನಾವು ಹುಡುಕುವ ತುಣುಕು ಇದ್ದಲ್ಲಿ ಅದು ಪ್ರತಿ ಸುತ್ತಿಗೂ ಇಮ್ಮಡಿಯಾಗುತ್ತಾ ಕೊನೆಗೆ ಪರದೆಯ ಮೇಲೆ ಒಂದು ಗೆರೆಯಾಗಿ ಮೇಲೇಳುತ್ತದೆ. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಈ ಯಂತ್ರದ ಹೆಸರು ಗೊತ್ತು. ಆಗ ಬೆಂಗಳೂರಿನ ಒಳಚರಂಡಿ ನೀರಿನಲ್ಲೂ ಹೀಗೆಯೇ ಹುಡುಕಿದರು. ಮುಂಬೈಯ ಕೊಳಚೆಯಲ್ಲಿ ಪೋಲಿಯೊ ವೈರಸ್ಸನ್ನು 2001ರಿಂದಲೇ ಹುಡುಕುತ್ತಾ ಬಂದಿದ್ದಾರೆ.

ಇಲ್ಲೂ ಅದೇ ಪಾಠ ಮತ್ತೆ ಕಲಿಯಬೇಕಾಯಿತು. ನನ್ನ ಮೊದಲ ಮಳೆಗಾಲದ ಮಾದರಿಗಳಲ್ಲಿ ಒಂದು ಗೆರೆಯೂ ಏಳಲಿಲ್ಲ. ಕೆಂಪಗೆ, ಎಲೆ ಕೊಳೆತ ಕಷಾಯದಂತೆ ಬಂದ ನೀರಿನಲ್ಲಿ ವೈರಸ್ಸೇ ಇಲ್ಲವೇ? ಕಾಡಿನ ಎಲೆ ಕೊಳೆತಾಗ ನೀರಿಗೆ ಇಳಿಯುವ ಹ್ಯೂಮಿಕ್ ಆಮ್ಲ ಪಿಸಿಆರ್‌ನ ಬಾಯಿ ಕಟ್ಟುತ್ತದೆ. ಮಲೆನಾಡಿನ ಹೊಳೆಯಲ್ಲಿ ಅದು ಬೇಕಾದಷ್ಟು. ನಾವೇ ಗೊತ್ತಿರುವ ಒಂದು ನಿರಪಾಯದ ವೈರಸ್ಸನ್ನು ಮಾದರಿಗೆ ಸೇರಿಸಿ, ಅದಾದರೂ ಸಿಗುತ್ತದೆಯೇ ಎಂದು ನೋಡಿದಾಗ ಅದೂ ಸಿಗಲಿಲ್ಲ. ಅಂದರೆ ಯಂತ್ರ ಕುರುಡಾಗಿತ್ತು, ನೀರು ಶುದ್ಧವಾಗಿರಲಿಲ್ಲ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಗೆರೆ ಎದ್ದರೂ ಆ ವೈರಸ್ಸು ಜೀವಂತವಿದೆ, ಕಾಯಿಲೆ ತರುತ್ತದೆ ಎಂದು ಹೇಳಲಾಗದು. ಕ್ಲೋರಿನ್ನಿಗೆ ಸಿಕ್ಕಿ ಸತ್ತದ್ದರ ಚೂರುಗಳೂ ಗೆರೆ ಎಬ್ಬಿಸುತ್ತವೆ.

ಇಷ್ಟೆಲ್ಲದರ ನಡುವೆ ನನಗೆ ಬಹಳ ಹಿಡಿಸಿದ ಒಂದು ವೈರಸ್ಸಿದೆ. ಅದು ಮನುಷ್ಯರದ್ದಲ್ಲ, ಮೆಣಸಿನಕಾಯಿಯದು. ಮೆಣಸಿನ ಗಿಡದ ಎಲೆಯ ಮೇಲೆ ಮಚ್ಚೆ ಮೂಡಿಸುವ ವೈರಸ್ಸು. ಹಸಿಮೆಣಸು, ಖಾರದ ಪುಡಿ, ಉಪ್ಪಿನಕಾಯಿಯ ಜೊತೆ ನಮ್ಮ ಹೊಟ್ಟೆಗೆ ಹೋಗಿ, ಜೀರ್ಣವಾಗದೆ, ನಮಗೇನೂ ಮಾಡದೆ, ಹೋದ ಹಾಗೇ ಹೊರಗೆ ಬರುತ್ತದೆ. ಮನುಷ್ಯರ ಮಲದಲ್ಲಿ ಇದು ಹೇರಳವಾಗಿದೆ ಎಂದು 2006ರಲ್ಲಿ ಪ್ರಕಟವಾದಾಗ ಎಲ್ಲರಿಗೂ ಆಶ್ಚರ್ಯ. ಈಗ ಜಗತ್ತಿನ ಹಲವು ಕಡೆ ನೀರಿಗೆ ಮನುಷ್ಯರ ಹೊಲಸು ಸೇರಿದೆಯೇ ಎಂದು ನೋಡಲು ಇದನ್ನು ಹುಡುಕುತ್ತಾರೆ. ದನದ ಸಗಣಿಯಿಂದಲೂ ಬರುವ ಇ. ಕೋಲಿಗಿಂತ ಇದರ ಬೆರಳು ನೇರವಾಗಿ ಮನುಷ್ಯನನ್ನೇ ತೋರಿಸುತ್ತದೆ. ದನ ಮೆಣಸಿನಕಾಯಿ ಬಜ್ಜಿ ತಿನ್ನುವುದಿಲ್ಲವಲ್ಲ.

ನಮ್ಮ ಕಡೆ ಇದನ್ನು ಹುಡುಕಲು ಕಷ್ಟಪಡಬೇಕಾಗಿಲ್ಲ. ಗಾಜನೂರಿನ ಮೇಲೆ ತೆಗೆದ ನೀರಿನಲ್ಲಿ ಗೆರೆ ತಡವಾಗಿ, ಸಂಕೋಚದಿಂದ ಏಳುತ್ತದೆ. ಶಿವಮೊಗ್ಗ ದಾಟಿದ ಮೇಲೆ ತೆಗೆದ ನೀರಿನಲ್ಲಿ ಬೇಗ, ಜೋರಾಗಿ ಏಳುತ್ತದೆ. ನಡುವೆ ಇರುವುದು ಒಂದು ಊರಿನ ಸಾರು, ಪಲ್ಯ, ಚಟ್ನಿ. ಮೊದಲ ಸಲ ಆ ಗ್ರಾಫನ್ನು ನೋಡಿದಾಗ ಅಸಹ್ಯವಾಗಲಿಲ್ಲ. ಬೆಳಗಾಗೆದ್ದು ಲಕ್ಷಾಂತರ ಜನ ಒಗ್ಗರಣೆ ಹಾಕಿದ್ದು ಕಣ್ಣಿಗೆ ಬಂತು. ಅತ್ತೆಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಾವು ಕುಡಿಯೋದು ಪೇಟೆಯವರ ಸಾರೇ ಅನ್ನು" ಎಂದರು. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಹೇಳುವುದೂ ಅದನ್ನೇ, ತೊಂಬತ್ತು ಪುಟಗಳಲ್ಲಿ.

ಕಳೆದ ಮೇ ತಿಂಗಳಲ್ಲಿ ಮತ್ತೆ ಅಲ್ಲಿಗೆ ಹೋಗಿದ್ದೆ. ಹಳ್ಳಿಗೆ ಐದು ಜನ ಹೆಂಗಸರಂತೆ ನೀರಿನ ಪರೀಕ್ಷೆ ಮಾಡಲು ತರಬೇತಿ ಕೊಡುತ್ತಾರಲ್ಲ, ನಮ್ಮ ಅಕ್ಕನೂ ಅದರಲ್ಲಿ ಒಬ್ಬಳು. ಯಾರೂ ಒತ್ತಾಯ ಮಾಡಿದ್ದಲ್ಲ, ತಾನೇ ಹೆಸರು ಕೊಟ್ಟಿದ್ದಳು. ಅವಳ ಹತ್ತಿರ ಒಂದು ಪೆಟ್ಟಿಗೆ ಇದೆ. ಅದರಲ್ಲಿ ಔಷಧಿ ಸೀಸೆಯಂಥ ಸಣ್ಣ ಬಾಟಲಿಗಳು, ಒಳಗೆ ಒಂದು ಪಟ್ಟಿ ಕಾಗದ. ಗುರುತಿನವರೆಗೆ ನೀರು ತುಂಬಿ ಬೆಚ್ಚಗೆ ಇಟ್ಟರೆ, ಕೊಳೆಯಿದ್ದಲ್ಲಿ ನೀರು ಕಪ್ಪಾಗುತ್ತದೆ. 1982ರಲ್ಲಿ ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಂಜ ಮತ್ತು ಸಂಗಡಿಗರು ಪ್ರಕಟಿಸಿದ ಉಪಾಯ ಇದು. ಕರುಳಿನಿಂದ ಬರುವ ಕೆಲವು ಬ್ಯಾಕ್ಟೀರಿಯಾಗಳು ಬಿಡುವ ಕೊಳೆತ ಮೊಟ್ಟೆ ವಾಸನೆಯ ಅನಿಲ ಕಾಗದದಲ್ಲಿರುವ ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು. ಕರೆಂಟು ಬೇಡ, ಯಂತ್ರ ಬೇಡ. ವೈರಸ್ಸನ್ನು ಇದೂ ತೋರಿಸದು.

ಅಕ್ಕ ಅವತ್ತು ಬೆಳಿಗ್ಗೆ ನೀರು ತುಂಬಿ, ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲೆ ಬಾಟಲಿ ಇಟ್ಟಳು. ಮರುದಿನ ಅದೇ ಹೊತ್ತಿಗೆ ಇಬ್ಬರೂ ಹೋಗಿ ನೋಡಿದೆವು. ನೀರು ತಿಳಿ ಕಂದಾಗಿತ್ತು, ಕಪ್ಪಾಗಿರಲಿಲ್ಲ. ಒಳಗಡೆ ಅತ್ತೆ ದಿನದಂತೆ ದೊಡ್ಡ ಪಾತ್ರೆಯಲ್ಲಿ ಕುಡಿಯುವ ನೀರನ್ನು ಕುದಿಯಲು ಇಟ್ಟಿದ್ದರು. ಅಕ್ಕ ಪುಸ್ತಕ ತೆಗೆದು ತಾರೀಖು ಬರೆದಳು, ಯಾರ ಮನೆಯ ನಲ್ಲಿ ಎಂದು ಬರೆದಳು. ಆಮೇಲೆ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

"ಏನಂತ ಬರೀಲಿ?"

"ಕಪ್ಪಾಗಿಲ್ಲ ಅಂತ."

"ಇಲ್ಲಿ ಕುಡಿಯೋಕೆ ಯೋಗ್ಯ ಅಂತ ಒಂದು ಕಾಲಂ ಇದೆಯಲ್ಲ, ಅದಕ್ಕೆ?"

ನಾನು ಬಾಟಲಿಯನ್ನು ಮತ್ತೊಂದು ಸಲ ಬೆಳಕಿಗೆ ಹಿಡಿದೆ. ಒಂದು ದಿನ ಆಗಿದೆ ಅಷ್ಟೇ, ಎರಡು ದಿನ ನೋಡಬೇಕು, ನಾಳೆ ಬರೆಯೋಣ ಎಂದೆ. ಅವಳು ಆ ಮನೆಯನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು. ಬಾಟಲಿಯನ್ನು ಕಟ್ಟೆಯ ಮೇಲೆ ವಾಪಸ್ಸು ಇಟ್ಟೆವು, ಮಗುವಿನ ಕೈಗೆ ಸಿಗದ ಹಾಗೆ ಸ್ವಲ್ಪ ಒಳಗೆ ಸರಿಸಿ.